ಛಾವಣಿ ಮೇಸ್ತ್ರಿಯ ಬಲಭುಜ

ಜನವರಿ 12, ಸೋಮವಾರ

ಈ ಪುಸ್ತಕ ಕೋಣೆಗಳ ಅಳತೆ ಬರೆಯುವುದಕ್ಕೆಂದು ಇಟ್ಟುಕೊಂಡದ್ದು. ಮುಂಭಾಗದ ಪುಟಗಳಲ್ಲಿ ಉದ್ದ, ಅಗಲ, ಬಣ್ಣದ ನಂಬರು ಇವೇ ಇವೆ. ಕೊನೆಯ ಪುಟದಿಂದ ಶುರುಮಾಡಿ ಬೇರೆ ಏನನ್ನೋ ಬರೆಯುತ್ತಿದ್ದೇನೆ. ಯಾರಿಗೂ ಹೇಳುವಂತಿಲ್ಲ, ಹೇಳದೆ ಇರುವುದಕ್ಕೂ ಆಗುತ್ತಿಲ್ಲ. ನನ್ನ ಬಲಭುಜ ಕೆಟ್ಟಿದೆ.

ಬೆಳಿಗ್ಗೆ ಅಂಗಿ ತೊಡುವಾಗ ಕೈ ತೋಳಿನೊಳಗೆ ಅರ್ಧ ಹೋಗಿ ನಿಂತುಬಿಟ್ಟಿತು. ಭುಜದ ತುದಿಯನ್ನು ಯಾರೋ ಇಕ್ಕಳದಲ್ಲಿ ಹಿಡಿದಂತೆ ನೋವು. ಹೆಂಡತಿ ಅಡುಗೆಮನೆಯಿಂದ, "ಏನ್ರೀ, ಅಂಗಿ ಹಾಕ್ಕೊಳ್ತಿದ್ದೀರೋ, ಹೊಲೀತಿದ್ದೀರೋ?" ಎಂದಳು. ಗುಂಡಿ ಕಿತ್ತುಹೋಗಿದೆ ಎಂದು ಸುಳ್ಳು ಹೇಳಿದೆ.

ಮೂವತ್ತೊಂದು ವರ್ಷದಿಂದ ಬಣ್ಣ ಬಳಿಯುವ ಕೆಲಸ. ಗೋಡೆಯನ್ನು ಯಾರು ಬೇಕಾದರೂ ಬಳಿಯಬಹುದು. ಛಾವಣಿ ನನ್ನದು. ಛಾವಣಿಯ ಬಿಳಿ ಮುಗಿದು ಗೋಡೆಯ ಬಣ್ಣ ಶುರುವಾಗುವ ಅಂಚನ್ನು ನಾನು ಟೇಪ್ ಅಂಟಿಸದೆ, ಬರೀ ಬ್ರಷ್ಷಿನಲ್ಲಿ ಎಳೆಯುತ್ತೇನೆ. ನೋಡಿದವರು ಸ್ಕೇಲ್ ಇಟ್ಟಿರಬೇಕು ಎನ್ನುತ್ತಾರೆ. ಜನ ನನ್ನನ್ನು ಛಾವಣಿ ಮೇಸ್ತ್ರಿ ಎನ್ನುವುದು ಅದಕ್ಕೇ. ಮೇ ತಿಂಗಳ ರಜೆಯಲ್ಲಿ ದೊಡ್ಡ ಶಾಲೆಯ ಸಭಾಂಗಣ ಬಳಿಯಬೇಕು. ಐದು ವರ್ಷಕ್ಕೊಮ್ಮೆ ಬರುವ ಕೆಲಸ, ಹಿಂದಿನ ನಾಲ್ಕು ಸಲವೂ ನಾನೇ ಮಾಡಿದ್ದು. ಹೆಡ್ ಮೇಡಂ ಈಗಲೇ ಫೋನ್ ಮಾಡಿ, "ಛಾವಣಿ ನಿಮ್ಮ ಕೈಯಲ್ಲೇ ಆಗ್ಬೇಕು ಮೇಸ್ತ್ರಿ" ಎಂದಿದ್ದಾರೆ. ಈ ಕೈಯಲ್ಲಿ.

ನನ್ನ ಜೊತೆ ಕೆಲಸ ಮಾಡುವವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಬಸ್ ಕಂಡಕ್ಟರ್ ಆಗಿದ್ದ. ಆ ಬಸ್ಸು ನಿಂತಮೇಲೆ, ಆರು ವರ್ಷದ ಹಿಂದೆ, ನನ್ನ ಬಳಿ ಬಂದ. ಎಲ್ಲರಿಗೂ ಅವನು ಈಗಲೂ ಕಂಡಕ್ಟರೇ. ಬಾಯಿ ಬಿಟ್ಟರೆ ಮುಚ್ಚುವವನಲ್ಲ. ಅವನಿಗೆ ಗೋಡೆ ಕೊಟ್ಟಿದ್ದೇನೆ. ಈ ಭುಜದ ವಿಷಯ ಅವನಿಗೆ ತಿಳಿದರೆ ಸಂಜೆಯೊಳಗೆ ಬಣ್ಣದಂಗಡಿಗೆ ತಲುಪುತ್ತದೆ. ಆಮೇಲೆ ನನ್ನನ್ನು ಯಾರು ಕರೆಯುತ್ತಾರೆ?

ಜನವರಿ 19, ಸೋಮವಾರ

ಪಕ್ಕದ ಮನೆಯ ಡ್ರಿಲ್ ಮಾಸ್ತರರು ನಿವೃತ್ತರಾಗಿ ಹತ್ತು ವರ್ಷವಾದರೂ ಕಂಡವರಿಗೆಲ್ಲ ಕವಾಯತು ಮಾಡಿಸುವುದನ್ನು ಬಿಟ್ಟಿಲ್ಲ. ನಾನು ಎಡಗೈಯಲ್ಲಿ ಬಟ್ಟೆ ಒಣಹಾಕುವುದನ್ನು ನೋಡಿದರು. "ಭುಜ ಕಟ್ಕೊಂಡಿದೆ ಕಣಯ್ಯ. ನಂಗೂ ಆಗಿತ್ತು. ಎಳೆದೆಳೆದು ಬಿಡಿಸ್ಬೇಕು, ಬೇರೆ ದಾರಿ ಇಲ್ಲ" ಎಂದರು. ಬಾಗಿಲಿನ ಮೇಲಿಂದ ಹಗ್ಗ ಹಾಯಿಸಿ, ಎಡಗೈಯಲ್ಲಿ ಜಗ್ಗಿ ಬಲಗೈಯನ್ನು ಮೇಲೆತ್ತುವ ವಿದ್ಯೆ ತೋರಿಸಿಕೊಟ್ಟರು. ದಿನಕ್ಕೆ ಇನ್ನೂರು. ಹೆಂಡತಿ ಕೇಳಿದ್ದಕ್ಕೆ, ಎತ್ತರದ ಕೆಲಸಕ್ಕೆ ಸಾರುವೆ ಕಟ್ಟುವ ಹಗ್ಗ ಗಟ್ಟಿ ಇದೆಯೋ ಎಂದು ನೋಡುತ್ತಿದ್ದೇನೆ ಎಂದೆ. ಸುಳ್ಳು ಸಲೀಸಾಗಿ ಬರುತ್ತಿದೆ.

ಜನವರಿ 24, ಶನಿವಾರ

ಹಗ್ಗ ಬಿಚ್ಚಿ ಬಿಸಾಕಿದೆ. ಬಲ ಮಗ್ಗುಲಿಗೆ ಮಲಗುವಂತಿಲ್ಲ. ಲೋಟ ಎತ್ತುವಾಗಲೂ ಕೈ ಸೋಲುತ್ತದೆ.

ಫೆಬ್ರವರಿ 3, ಮಂಗಳವಾರ

ನೋವಿಗೆ ಬೇಗ ಎಚ್ಚರವಾಯಿತು. ಸುಮ್ಮನೆ ಬಿದ್ದುಕೊಂಡಿರುವುದಕ್ಕಿಂತ ಕೆಲಸಕ್ಕಾದರೂ ಹೋಗೋಣವೆಂದು ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿಗೆ ಒಂದು ಗಂಟೆ ಮೊದಲೇ ಹೋದೆ. ಅಲ್ಲಿ ಒಂದು ವಾರದಿಂದ ನಮ್ಮ ಕೆಲಸ ನಡೆದಿದೆ. ಬಾಗಿಲು ತೆರೆದಿತ್ತು. ಒಳಗೆ ಏಣಿಯ ಮೇಲೆ ಕಂಡಕ್ಟರ್, ಕೈಯಲ್ಲಿ ರೋಲರ್. ನಾನು ನಿನ್ನೆ ಬಳಿದು ಮುಗಿಸಿದ್ದ ಛಾವಣಿಯನ್ನು ಮತ್ತೆ ಬಳಿಯುತ್ತಿದ್ದ.

"ಏನ್ ಮಾಡ್ತಿದ್ದೀಯ?"

"ಒಂದೆರಡು ಕಡೆ ತೆಳ್ಳಗಿತ್ತು ಭಾವ."

"ಎಷ್ಟು ದಿನದಿಂದ ನಡೀತಿದೆ ಇದು?"

ಇವತ್ತೇ ಎಂದ. ನಿಜ ಹೇಳು ಎಂದೆ. ಏಣಿಯಿಂದ ಇಳಿಯದೆ, ರೋಲರನ್ನು ತಟ್ಟೆಯಲ್ಲಿಟ್ಟು ಹೇಳಿದ: "ನವೆಂಬರ್‌ನಿಂದ. ಮೊದಲು ನಿಮ್ಮ ರೋಲರ್ ಈ ಕಡೆಯಿಂದ ಆ ಕಡೆಗೆ ಒಂದೇ ಎಳೆತದಲ್ಲಿ ಹೋಗ್ತಿತ್ತು. ಈಗ ಮೊಳದುದ್ದ ಹೋಗಿ ನಿಲ್ಲತ್ತೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಪಟ್ಟೆಪಟ್ಟೆ ಕಾಣತ್ತೆ. ನಂಗೆ ಕಂಡಿದ್ದು ಮನೆಯೋರಿಗೂ ಕಾಣತ್ತಲ್ಲ ಭಾವ."

ತಲೆಯೆತ್ತಿ ನೋಡಿದೆ. ಅವನು ಇನ್ನೂ ಮುಟ್ಟದ ಮೂಲೆಯಲ್ಲಿ ಪಟ್ಟೆಗಳಿದ್ದವು. ಒಂದೊಂದೂ ನನ್ನ ಕೈ ಸೋತ ಜಾಗ. ನನಗೆ ಬಂದದ್ದು ಸಿಟ್ಟು. "ನಿನಗೆ ಕೊಟ್ಟಿರೋದು ಗೋಡೆ. ಗೋಡೆ ನೋಡ್ಕೋ" ಎಂದು ಕೂಗಾಡಿದೆ. ಅವನು ಇಳಿದು ಗೋಡೆಗೆ ಹೋದ. ಇಡೀ ದಿನ ಒಂದು ಮಾತೂ ಆಡಲಿಲ್ಲ. ಆರು ವರ್ಷದಲ್ಲಿ ಅವನು ಬಾಯಿಮುಚ್ಚಿಕೊಂಡಿದ್ದು ಇದೇ ಮೊದಲು, ಮತ್ತು ಅದನ್ನು ಸಹಿಸುವುದು ನನಗೆ ಕಷ್ಟವಾಯಿತು.

ಫೆಬ್ರವರಿ 5, ಗುರುವಾರ

ಹೆಂಡತಿ ತಟ್ಟೆ ಇಡುತ್ತಾ ಹೇಳಿದಳು: "ಸೋಮವಾರ ಹತ್ತು ಗಂಟೆಗೆ ಮೂಳೆ ಡಾಕ್ಟ್ರು. ಚೀಟಿ ಮಾಡಿಸಿದ್ದೀನಿ."

ಕಂಡಕ್ಟರ್ ಊದಿಬಿಟ್ಟನಲ್ಲ ಎಂದು ಹಲ್ಲು ಕಡಿದೆ. "ಅವನು ಹೇಳಿದ್ನಾ?"

"ಅವನ್ಯಾಕೆ ಹೇಳ್ತಾನೆ? ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಎರಡು ತಿಂಗಳಿಂದ ನಿಮ್ಮ ಅಂಗಿ ಬೆನ್ನಲ್ಲಿ ಒದ್ದೆ ಇರತ್ತೆ. ಸ್ನಾನ ಆದ್ಮೇಲೆ ಬೆನ್ನು ಒರೆಸಿಕೊಳ್ಳಕ್ಕೆ ಕೈ ಹೋಗ್ತಿಲ್ಲ. ನಿಮ್ಮ ಬಟ್ಟೆ ಒಗೆಯೋಳು ನಾನು ತಾನೇ."

ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ನಾನೊಬ್ಬನೇ ಕಾವಲು ಕಾಯುತ್ತಿದ್ದೆ.

ಫೆಬ್ರವರಿ 9, ಸೋಮವಾರ

ಡಾಕ್ಟರು ಕಡಿಮೆ ಮಾತಿನವರು. ಅಂಗಿ ಬಿಚ್ಚಿಸಿ ಹಿಂದಿನಿಂದ ಸ್ವಲ್ಪ ಹೊತ್ತು ನೋಡಿದರು. ಕೈಯನ್ನು ಪಕ್ಕದಿಂದ ನಿಧಾನವಾಗಿ ಮೇಲಕ್ಕೆ ಎತ್ತಲು ಹೇಳಿದರು. ಎದೆಯ ಮಟ್ಟ ಬರುವವರೆಗೆ ಏನೂ ಇಲ್ಲ. ಅಲ್ಲಿಂದ ಮುಂದೆ ಜೀವ ಹೋಗುವಂಥ ನೋವು. ಹಲ್ಲು ಕಚ್ಚಿ ಇನ್ನೂ ಎತ್ತಿದರೆ, ಕೈ ಕಿವಿಯ ಹತ್ತಿರ ಬರುವಾಗ ನೋವು ಇಳಿಯುತ್ತದೆ. "ನಡುವೆ ಮಾತ್ರ ಅಲ್ವಾ?" ಎಂದರು. ಅದು ನನಗೇ ಗೊತ್ತಿರಲಿಲ್ಲ. ಆಮೇಲೆ ಕೈಯನ್ನು ಮುಂದಕ್ಕೆ ಚಾಚಿಸಿ, ಮೊಣಕೈ ಮಡಿಸಿ, ಮುಂಗೈಯನ್ನು ಕೆಳಕ್ಕೆ ತಿರುಗಿಸಿದರು. ಹಗಲಲ್ಲೇ ನಕ್ಷತ್ರ ಕಂಡೆ.

ಡ್ರಿಲ್ ಮಾಸ್ತರರು ಹೇಳಿದಂತೆ ಇದು ಕಟ್ಟಿಕೊಂಡ ಭುಜವೋ ಎಂದು ಕೇಳಿದೆ. "ಅಲ್ಲ. ಅದಾಗಿದ್ರೆ ನಾನು ಎತ್ತಿದ್ರೂ ಕೈ ಏಳ್ತಿರಲಿಲ್ಲ. ನಿಮ್ಮದು ಏಳತ್ತೆ, ಸಿಕ್ಕಿಹಾಕ್ಕೊಳ್ಳತ್ತೆ" ಎಂದು, ಮೇಜಿನ ಮೇಲಿದ್ದ ಮೂಳೆಯ ಮಾದರಿ ತೋರಿಸಿದರು. ಭುಜದ ತುದಿಯಲ್ಲಿ ಸೂರಿನ ಹಾಗೆ ಒಂದು ಮೂಳೆ ಚಾಚಿಕೊಂಡಿದೆ. ಅದರ ಕೆಳಗಿನ ಸಂದಿಯಲ್ಲಿ, ಕೈ ಎತ್ತುವ ಸ್ನಾಯುವಿನ ನಾರು ಹಾದುಹೋಗುತ್ತದೆ. ಕೈ ಮೇಲೆ ಹೋದಾಗಲೆಲ್ಲ ಸಂದಿ ಕಿರಿದಾಗಿ ನಾರು ಉಜ್ಜುತ್ತದೆ, ಊದುತ್ತದೆ. ಊದಿದ್ದಕ್ಕೆ ಇನ್ನಷ್ಟು ಉಜ್ಜುತ್ತದೆ. ಇದಕ್ಕೆ ಇಂಪಿಂಜ್‌ಮೆಂಟ್ ಎಂದು ಹೆಸರು. ಹಗ್ಗ ಎಳೆದ ಕಥೆ ಕೇಳಿ, "ಉಜ್ಜಿದ್ದಕ್ಕೇ ದಿನಾ ಇನ್ನೂರು ಸಲ ಉಜ್ಜಿದ್ದೀರಿ" ಎಂದರು.

ಹೊರಗೆ ಬಂದಮೇಲೆ ಹೆಂಡತಿ ಎಂದಳು: "ನೋಡಿ, ನಿಮ್ಮ ಭುಜದೊಳಗೂ ಒಂದು ಛಾವಣಿ ಇದೆಯಂತೆ. ಅದರ ರಿಪೇರಿ ಮೊದಲು." ನನಗೆ ನಗು ಬರಲಿಲ್ಲ.

ಫೆಬ್ರವರಿ 11, ಬುಧವಾರ

ಸ್ಕ್ಯಾನಿನಲ್ಲಿ ನಾರು ಊದಿದೆ, ಹರಿದಿಲ್ಲ. ಹತ್ತು ದಿನಕ್ಕೆ ಮಾತ್ರೆ, ಬಟ್ಟೆಯಲ್ಲಿ ಸುತ್ತಿದ ಐಸು, ಫಿಸಿಯೋ. ಭುಜಕ್ಕಿಂತ ಮೇಲೆ ಕೈ ಹೋಗುವ ಕೆಲಸ ಬಂದ್. ಹಾಗಾದರೆ ಉಳಿದದ್ದೇನು ಎಂದು ಕೇಳಿದೆ. "ಭುಜಕ್ಕಿಂತ ಕೆಳಗಿರೋದೆಲ್ಲ" ಎಂದರು ಡಾಕ್ಟರು. ಅವರಿಗೆ ಹೇಳುವುದು ಸುಲಭ.

ಫೆಬ್ರವರಿ 16, ಸೋಮವಾರ

ಫಿಸಿಯೋ ಹುಡುಗಿಗೆ ಇಪ್ಪತ್ತೈದು ಇರಬಹುದು. ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ನಿಮ್ಮ ಬಲಭುಜ ನೋಡಿ ಅಂಕಲ್, ಕಿವಿಗೆ ಚಾಡಿ ಹೇಳ್ತಿದೆ" ಎಂದಳು. ನಿಜ. ಎಡದ್ದಕ್ಕಿಂತ ಎರಡು ಬೆರಳು ಮೇಲಿತ್ತು. ಐವತ್ತಾರು ವರ್ಷದಿಂದ ಕನ್ನಡಿ ನೋಡುತ್ತಿದ್ದೇನೆ, ಗಡ್ಡ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಕಲಿಸಿದ್ದು ಎರಡೇ. ಬೆನ್ನಿನ ಎರಡೂ ಹಲಗೆಗಳನ್ನು, ಅಂದರೆ ಹೆಗಲ ಹಿಂದಿನ ಚಪ್ಪಟೆ ಮೂಳೆಗಳನ್ನು, ಹಿಂದಕ್ಕೆ, ಕೆಳಕ್ಕೆ ಇಳಿಸಿ ಹಿಡಿಯುವುದು. ಆಮೇಲೆ ಬಾಗಿಲ ಹಿಡಿಗೆ ಹಳದಿ ರಬ್ಬರ್ ಪಟ್ಟಿ ಕಟ್ಟಿ, ಪಕ್ಕೆಗೂ ಮೊಣಕೈಗೂ ನಡುವೆ ಮಡಿಸಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ಎಳೆಯುವುದು. ಹತ್ತು ಸಲ, ದಿನಕ್ಕೆರಡು ಬಾರಿ. ಇಪ್ಪತ್ತು ಲೀಟರ್ ಡಬ್ಬ ಹೊತ್ತು ಮೂರು ಮಹಡಿ ಹತ್ತಿದವನಿಗೆ ಮಕ್ಕಳಾಟ.

ಫೆಬ್ರವರಿ 22, ಭಾನುವಾರ

ಹತ್ತಕ್ಕೆ ಏನಾಗುತ್ತದೆ? ಮೇ ತಿಂಗಳು ಓಡೋಡಿ ಬರುತ್ತಿದೆ. ಇವತ್ತು ಒಂದೇ ಬಾರಿಗೆ ನೂರು ಎಳೆದೆ. ನಾಳೆಯೂ ನೂರು. ಬೇಗ ಮುಗಿಯಲಿ.

ಫೆಬ್ರವರಿ 24, ಮಂಗಳವಾರ

ಬಾಚಣಿಗೆ ಎತ್ತಲಾಗದೆ ತಲೆ ಕೆದರಿಕೊಂಡೇ ಹೋದೆ. ನೂರು ಎಂದದ್ದಕ್ಕೆ ಫಿಸಿಯೋ ಹುಡುಗಿ ಬೈಯುತ್ತಾಳೆಂದುಕೊಂಡಿದ್ದೆ. ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತಳು.

"ಅಂಕಲ್, ಗೋಡೆಗೆ ಎಷ್ಟು ಕೋಟ್ ಹೊಡೀತೀರಿ?"

"ಪ್ರೈಮರ್ ಮೇಲೆ ಎರಡು."

"ಮೊದಲನೇದು ಒಣಗೋ ಮುಂಚೆ ಎರಡನೇದು ಹೊಡೀತೀರಾ?"

"ಹೊಡೆದ್ರೆ ಎರಡೂ ಕಿತ್ತುಬರತ್ತೆ."

"ಮತ್ತೆ?" ಎಂದಳು.

ಮೂವತ್ತೊಂದು ವರ್ಷದಲ್ಲಿ ಎಷ್ಟು ಜನ ಆತುರಗಾರರಿಗೆ ಇದೇ ಪಾಠ ಹೇಳಿಲ್ಲ ನಾನು. ನಾಚಿಕೆಯಾಯಿತು. ಹತ್ತು ಎಂದರೆ ಹತ್ತು.

ಮಾರ್ಚ್ 14, ಶನಿವಾರ

ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದೆ. ಅವಳೇ ಓಡಿಸಿದಳು: "ಹೋಗಿ, ಕೆಲಸ ನೋಡ್ಕೊಂಡಾದ್ರೂ ಬನ್ನಿ." ಕಂಡಕ್ಟರ್ ಒಬ್ಬನೇ ಒಂದು ಮನೆಯ ಎರಡು ಕೋಣೆ ಒಪ್ಪಿಕೊಂಡಿದ್ದಾನೆ. ಬಣ್ಣದ ಡಬ್ಬ ಬೋರಲು ಹಾಕಿ ಅದರ ಮೇಲೆ ಕುಳಿತೆ. ಅಂಚಿಗೆ ಟೇಪ್ ಅಂಟಿಸಿದ್ದ. ಕಿತ್ತಾಗ ಟೇಪಿನ ಜೊತೆ ಅಲ್ಲಲ್ಲಿ ಬಿಳಿಯೂ ಎದ್ದುಬಂತು. ಅವನ ಮುಖ ಸಣ್ಣದಾಯಿತು.

"ಭಾವ, ಆ ಅಂಚು ಹೇಗೆ ಎಳೀತೀರಿ, ಒಂದ್ಸಲ ಹೇಳ್ಕೊಡಿ."

"ಅದು ಹೇಳ್ಕೊಟ್ಟು ಬರೋದಲ್ಲ."

ಮತ್ತೆ ಟೇಪ್ ಹರಿದು ಅಂಟಿಸತೊಡಗಿದ. ಈ ಪುಸ್ತಕಕ್ಕೆ ಸುಳ್ಳು ಹೇಳಿ ಏನು ಪ್ರಯೋಜನ? ಹೇಳಿಕೊಟ್ಟರೆ ಖಂಡಿತ ಬರುತ್ತದೆ. ನನಗೂ ಯಾರೋ ಹೇಳಿಕೊಟ್ಟೇ ಬಂದದ್ದು. ಆರು ವರ್ಷದಲ್ಲಿ ಅವನು ಹತ್ತು ಸಲ ಕೇಳಿದ್ದಾನೆ. ಅವನಿಗೂ ಬಂದುಬಿಟ್ಟರೆ ನಾನು ಯಾಕೆ ಬೇಕು ಎಂಬ ಭಯ, ಅಷ್ಟೇ.

ಮಾರ್ಚ್ 30, ಸೋಮವಾರ

ಆರು ವಾರ ಮುಗಿದಿತ್ತು. ಡಾಕ್ಟರು ಮತ್ತೆ ಕೈ ಎತ್ತಿಸಿದರು. ನೋವು ಅರ್ಧದಷ್ಟು ಇಳಿದಿದೆ, ನಡುವಿನ ಜಾಗದಲ್ಲಿ ಇನ್ನೂ ಹಿಡಿಯುತ್ತದೆ. ಭುಜದ ಸಂದಿಗೆ ಒಂದು ಇಂಜೆಕ್ಷನ್ ಕೊಟ್ಟರು. ಅದು ಊತ ಇಳಿಸುತ್ತದೆ, ಮುಂದಿನದು ವ್ಯಾಯಾಮದ ಕೆಲಸ ಎಂದರು. ಮೇ ತಿಂಗಳ ಸಭಾಂಗಣದ ಮಾತು ತೆಗೆದೆ.

"ಹತ್ತು ದಿನ ತಲೆ ಮೇಲೆ ಕೈ ಎತ್ಕೊಂಡೇ ಇರ್ಬೇಕಾ? ಆಗಲ್ಲ."

"ಅಷ್ಟರಲ್ಲಿ ವಾಸಿ ಆಗಿದ್ರೆ?"

"ಕೈ ಏಳತ್ತೆ. ಎದ್ದಿತು ಅಂತ ದಿನವಿಡೀ ಎತ್ತಿದ್ರೆ, ಈಗ ಊದಿರೋ ನಾರು ಹರಿಯತ್ತೆ. ಹರಿದ್ರೆ ಆಪರೇಷನ್. ಆಮೇಲೆ ನಾನೂ ಮಾತು ಕೊಡಲ್ಲ. ಇನ್ನು ಮೇಲೆ ಛಾವಣಿ ದಿನಕ್ಕೆ ಒಂದು ಗಂಟೆ, ಅದೂ ಈ ವರ್ಷದ ಕೊನೆಗೆ."

ಮನೆಗೆ ನೇರ ಬರಲಿಲ್ಲ. ಬಸ್‌ ನಿಲ್ದಾಣದ ಬೆಂಚಿನಲ್ಲಿ ಕುಳಿತೆ. ನಾಲ್ಕೈದು ಬಸ್ಸು ಹೋದವು. ಅಳು ಬಂತು. ಎಷ್ಟೋ ವರ್ಷವಾಗಿತ್ತು.

ಏಪ್ರಿಲ್ 2, ಗುರುವಾರ

ಬರುವುದಿಲ್ಲ ಎಂದು ಹೇಳಲು ಹೆಡ್ ಮೇಡಂಗೆ ಫೋನ್ ಮಾಡಿದೆ. "ಹೇಳಿ ಮೇಸ್ತ್ರಿ, ಮೇ ಹನ್ನೊಂದಕ್ಕೆ ಶುರುವಲ್ವಾ?" ಎಂದರು. "ಹೌದು ಮೇಡಂ, ಬರ್ತೀವಿ" ಎಂದೆ. ಯಾವಾಗಲೂ ಬರ್ತೀನಿ ಎನ್ನುವವನು. ಅವರು ಗಮನಿಸಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಫೋನ್ ಇಟ್ಟು ಕಂಡಕ್ಟರನ ಮನೆಗೆ ಹೋದೆ. ನಾದಿನಿ ಚಹಾ ಕೊಟ್ಟಳು. ಕುಡಿದು ಮುಗಿಸಿ ಎದ್ದು ನಿಂತು ಅವನಿಗೆ, "ಸೋಮವಾರ ಬೆಳಿಗ್ಗೆ ನಮ್ಮ ಹಿತ್ತಿಲಿಗೆ ಬಾ. ಬ್ರಷ್ ತಗೊಂಡ್ ಬಾ, ಟೇಪ್ ಬೇಡ" ಎಂದೆ.

ಏಪ್ರಿಲ್ 6, ಸೋಮವಾರ

ಹಿತ್ತಿಲ ಗೋಡೆ ಬರೀ ಸಿಮೆಂಟಿನದು. ಬಣ್ಣವಿಲ್ಲ, ಬಕೆಟ್ಟಿನಲ್ಲಿ ನೀರು. ನೀರಿನಲ್ಲಿ ಎಳೆದ ಗೆರೆ ಕಪ್ಪಗೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಒಣಗಿ ಹೋಗುತ್ತದೆ. ತಪ್ಪಾದರೆ ಮತ್ತೊಂದು. ಹಿಂದೆ ನನಗೆ ಕಲಿಸಿದ್ದೂ ಹೀಗೆಯೇ.

ಮೊದಲ ಇಪ್ಪತ್ತು ಗೆರೆ ಹಾವು ಹರಿದಂತೆ. ಅವನು ಕೈ ಮೇಲೆತ್ತಿದ ಕೂಡಲೇ ಭುಜ ಕಿವಿಗೆ ಏರುತ್ತಿತ್ತು, ಉಸಿರು ಕಟ್ಟುತ್ತಿತ್ತು. ಥೇಟ್ ನಾನೇ. ಹಿಂದೆ ನಿಂತು ಅವನ ಬೆನ್ನಿನ ಹಲಗೆಯ ಮೇಲೆ ಅಂಗೈ ಇಟ್ಟು, "ಇದನ್ನ ಕೆಳಗೆ ಇಳಿಸು, ಆಮೇಲೆ ಕೈ ಎತ್ತು" ಎಂದೆ. ಫಿಸಿಯೋ ಮೇಡಂ ನನಗೆ ಹೇಳುವ ಮಾತು. ಏಣಿಯನ್ನು ಅಂಚಿಗೆ ಇನ್ನೂ ಹತ್ತಿರ ಹಾಕಿ, ಒಂದು ಮೆಟ್ಟಿಲು ಮೇಲೆ ನಿಂತರೆ ಕೈ ಅಷ್ಟು ಚಾಚುವುದೇ ಬೇಡ. ಗೆರೆಯನ್ನು ಎಳೆಯುವುದು ಕೈಯಲ್ಲ, ಸೊಂಟದಿಂದ ಮೇಲೆ ಇಡೀ ಮೈ ಸರಿಯಬೇಕು. ಇದನ್ನು ಹೇಳುತ್ತ ಹೇಳುತ್ತ ಇಷ್ಟು ವರ್ಷ ನಾನೇ ಎಷ್ಟು ತಪ್ಪಾಗಿ ನಿಂತಿದ್ದೆ ಎಂಬುದು ಹೊಳೆಯಿತು. ಗೆರೆ ನೆಟ್ಟಗಿತ್ತು, ನಾನು ಸೊಟ್ಟಗಿದ್ದೆ.

ಹನ್ನೆರಡು ಗಂಟೆಗೆ ಒಂದು ಗೆರೆ ಗೇಣುದ್ದ ನೆಟ್ಟಗೆ ಬಂತು. ಇಬ್ಬರೂ ನೋಡುತ್ತಿದ್ದಂತೆಯೇ ಒಣಗಿತು.

ಏಪ್ರಿಲ್ 27, ಸೋಮವಾರ

ದಿನಾ ಬರುತ್ತಾನೆ. ಬ್ರಷ್ ಹಿಡಿದಾಗ ಅವನು ಮಾತಾಡುವುದಿಲ್ಲ ಎಂಬುದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ. ನಿನ್ನೆ ಬಣ್ಣದಲ್ಲಿ ಎಳೆಸಿದೆ, ನಮ್ಮ ಅಡುಗೆಮನೆಯಲ್ಲಿ. ಒಂದು ಕಡೆ ಬ್ರಷ್ಷಿಗೆ ಬಣ್ಣ ಜಾಸ್ತಿಯಾಗಿ ಇಳಿಯಿತು. ಹೆಂಡತಿ, "ಇರ್ಲಿ ಬಿಡು, ಮೇಲಿನ ಡಬ್ಬಿ ಅಡ್ಡ ಇಟ್ರೆ ಕಾಣಲ್ಲ" ಎಂದಳು. ಡಬ್ಬಿಯನ್ನು ಮೇಲಿನ ಶೆಲ್ಫಿನಿಂದ ಬಲಗೈಯಲ್ಲೇ ತೆಗೆದು ಅಲ್ಲಿಟ್ಟೆ. ಅವಳು ಯಾಕೋ ನನ್ನನ್ನೇ ನೋಡುತ್ತ ನಿಂತಿದ್ದಳು.

ಮೇ 13, ಬುಧವಾರ

ಸಭಾಂಗಣದಲ್ಲಿ ಮೂರನೇ ದಿನ. ಅವನು ಸಾರುವೆಯ ಮೇಲೆ, ನಾನು ಕೆಳಗೆ ಗೋಡೆಗೆ ಮೆತ್ತಿದ ಪುಟ್ಟಿಯನ್ನು ನುಣ್ಣಗೆ ಉಜ್ಜುತ್ತ. ಮೊದಲ ದಿನ ಕೆಳಗಿನಿಂದ ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಎಡಕ್ಕೆ, ನಿಧಾನ, ಉಸಿರು ಬಿಡು. ನಿನ್ನೆ ಕಡಿಮೆ ಕೂಗಿದೆ. ಇವತ್ತು ಊಟದ ಹೊತ್ತಿಗೆ ನೆನಪಾಯಿತು, ಬೆಳಿಗ್ಗೆಯಿಂದ ಮೇಲಕ್ಕೆ ನೋಡಿಯೇ ಇಲ್ಲ. ನೋಡಿದೆ. ಉತ್ತರದ ಗೋಡೆಯ ಅಂಚು ಮುಗಿದಿತ್ತು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ. ಚೆನ್ನಾಗಿತ್ತು.

ಮೇ 19, ಮಂಗಳವಾರ

ಕೆಲಸ ಮುಗಿಯಿತು. ಹೆಡ್ ಮೇಡಂ ಬಂದು ಸಭಾಂಗಣದ ನಡುವೆ ನಿಂತು, ಕನ್ನಡಕ ಸರಿಮಾಡಿಕೊಂಡು ಸುತ್ತ ಒಂದು ಸಲ ಕಣ್ಣಾಡಿಸಿದರು. "ಮೇಸ್ತ್ರಿ, ಇಪ್ಪತ್ತು ವರ್ಷ ಆದ್ರೂ ನಿಮ್ಮ ಕೈ ಒಂಚೂರೂ ಬದಲಾಗಿಲ್ಲ ನೋಡಿ. ಆ ಅಂಚು ನಿಮ್ಮನ್ನ ಬಿಟ್ರೆ ಯಾರಿಗೂ ಬರಲ್ಲ."

ಕಂಡಕ್ಟರ್ ನಾಲ್ಕು ಮಾರು ದೂರದಲ್ಲಿ ಬ್ರಷ್ ತೊಳೆಯುತ್ತಿದ್ದ. ಕೇಳಿಸಿಕೊಂಡ. ತಲೆ ಎತ್ತಲಿಲ್ಲ.

ನಾನು ಏನು ಮಾಡಿದೆ? ನಕ್ಕೆ. ಕೈಮುಗಿದೆ. ಬರುವಾಗ ದಾರಿಯಲ್ಲಿ ಅವನು ಎಂದಿನಂತೆ ಹರಟುತ್ತಲೇ ಇದ್ದ. ಅಂಚಿನ ಮಾತು ಮಾತ್ರ ಎತ್ತಲಿಲ್ಲ. ನವೆಂಬರಿನಿಂದ ಬೆಳಿಗ್ಗೆ ಬೆಳಿಗ್ಗೆ ಎದ್ದು ನನ್ನ ಪಟ್ಟೆ ಮುಚ್ಚಿದವನು, ಇವತ್ತು ನನ್ನ ಸುಳ್ಳನ್ನೂ ಮುಚ್ಚಿದ.

ಮೇ 20, ಬುಧವಾರ

ಬೆಳಿಗ್ಗೆ ಬಸ್ ಹತ್ತಿ ಶಾಲೆಗೆ ಹೋದೆ. ಹೆಡ್ ಮೇಡಂ ಆಫೀಸಿನಲ್ಲಿ ಕಾಗದಗಳ ನಡುವೆ ಇದ್ದರು. ಏನಾದರೂ ಬಿಟ್ಟುಹೋಗಿದ್ದೀರಾ ಎಂದು ಕೇಳಿದರು. ನಿಂತುಕೊಂಡೇ ಹೇಳಿದೆ. "ಮೇಡಂ, ಛಾವಣಿ ನಾನು ಮಾಡಿದ್ದಲ್ಲ. ನನ್ನ ಭುಜಕ್ಕೆ ಆಗಲ್ಲ. ಅದಕ್ಕೆ ನಾನು ಬ್ರಷ್ ಕೂಡ ಮುಟ್ಟಿಸಿಲ್ಲ. ಅಂಚೆಲ್ಲ ನನ್ನ ಷಡ್ಡಕಂದು. ನಿನ್ನೆ ನೀವು ಹೊಗಳಿದಾಗ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ಅದನ್ನ ಹೇಳಕ್ಕೆ ಇಷ್ಟು ದೂರ ಬಂದ್ರಾ?"

"ಹೌದು."

ಮೇಡಂ ಫೋನ್ ನಂಬರುಗಳ ದಪ್ಪ ಪುಸ್ತಕ ತೆಗೆದು ಪುಟ ತಿರುಗಿಸಿದರು. ನನ್ನ ನಂಬರು ಇರುವ ಪುಟ. ಪಕ್ಕದಲ್ಲಿ ಛಾವಣಿ ಎಂದು ಅವರ ಗುಂಡು ಅಕ್ಷರದಲ್ಲಿ ಬರೆದಿತ್ತು.

"ಹಾಗಾದ್ರೆ ಮುಂದಿನ ಸಲ ಛಾವಣಿಗೆ ಯಾರನ್ನ ಕರೀಲಿ?"

ಈ ಪ್ರಶ್ನೆ ಬರುತ್ತದೆಂದು ಬಸ್ಸಿನಲ್ಲೇ ಗೊತ್ತಿತ್ತು. "ಅವನನ್ನೇ ಕರೀಬೇಕು ಮೇಡಂ."

"ಹೆಸರು?"

ಕಂಡಕ್ಟರ್ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಅವನ ಅಪ್ಪ ಅಮ್ಮ ಇಟ್ಟ ಹೆಸರನ್ನು ಪೂರ್ತಿಯಾಗಿ ಹೇಳಿದೆ. ಅವರು ನನ್ನ ಹೆಸರನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಮೇಲೆ ಅವನದನ್ನು ಬರೆದುಕೊಂಡರು.

"ಮತ್ತೆ ನೀವು?"

"ನಾನೂ ಬರ್ತೀನಿ ಮೇಡಂ," ಎಂದೆ, "ಗೋಡೆಗೆ."